ಹಾವೇರಿಯ ಪದವಿ ವಿದ್ಯಾರ್ಥಿಗಳಿಗೆ ಮೆಕ್ಸಿಕೋದ ಸಮಾಜವನ್ನು ಕಲಿಸಲು ಎಲ್ಲಿಂದ ಆರಂಭಿಸಬೇಕು?

ಗೋವಿನಜೋಳದಿಂದ ಆರಂಭಿಸಿ, ಸಾಮ್ರಾಜ್ಯಗಳ ಇಸವಿಗಳು ಆಮೇಲೆ ಬರಲಿ. ಪರಿಚಿತ ವಸ್ತುವಿನ ಅಪರಿಚಿತ ಬಳಕೆ ಕಂಡಾಗ ವಿದ್ಯಾರ್ಥಿಗಳು ‘ವಿಚಿತ್ರ’ ಎಂದು ನಕ್ಕು ಬಿಡುವುದಿಲ್ಲ, ಕಾರಣ ಕೇಳುತ್ತಾರೆ. ಹಾವೇರಿಯಲ್ಲಿ ಗೋವಿನಜೋಳ ಹೆಚ್ಚಾಗಿ ಕೋಳಿ ಆಹಾರಕ್ಕೆ ಹೋಗುವ ಮಾರಾಟದ ಬೆಳೆ. ಸುಮಾರು 9000 ವರ್ಷಗಳ ಹಿಂದೆ ಅದನ್ನು ಪಳಗಿಸಿದ ಮೆಕ್ಸಿಕೋದಲ್ಲಿ ಅದೇ ನಿತ್ಯದ ಊಟ. ಅಲ್ಲಿ ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಸಿ, ಅರೆದು ಟೋರ್ಟಿಯಾ ಎಂಬ ತೆಳು ರೊಟ್ಟಿ ಮಾಡುತ್ತಾರೆ. ಸುಣ್ಣವೇಕೆ? ಕಾಳಿನಲ್ಲಿ ಸಿಕ್ಕಿಕೊಂಡಿರುವ ನಯಾಸಿನ್ ಎಂಬ ಜೀವಸತ್ವ ಆಗಷ್ಟೇ ದೇಹಕ್ಕೆ ದಕ್ಕುತ್ತದೆ. ಈ ಪದ್ಧತಿಯಿಲ್ಲದೆ ಬೆಳೆ ಮಾತ್ರ ತಲುಪಿದ ಉತ್ತರ ಇಟಲಿಯ ಬಡವರಲ್ಲಿ ಪೆಲಾಗ್ರಾ ಎಂಬ ಪೌಷ್ಟಿಕಾಂಶ ಕೊರತೆಯ ರೋಗ ಹರಡಿತು. ದಿನವೂ ಕಲ್ಲಿನ ಮುಂದೆ ಮಂಡಿಯೂರಿ ಅರೆದವರು ಯಾರು ಎಂದು ಕೇಳಿದರೆ, ತರಗತಿ ತಾನಾಗಿಯೇ ಮೆಕ್ಸಿಕೋದ ಹೆಂಗಸರ ದುಡಿಮೆಯ ಚರಿತ್ರೆಗೆ ಹೊರಳುತ್ತದೆ.