ಓದುಗರ ಪ್ರಶ್ನೆ: ಪ್ರಾಯವಾದ ತಂಡದ ಕೊನೆಯ ಕಛೇರಿಗಳು

ಪ್ರಶ್ನೆ: ಅಮೆರಿಕದಲ್ಲಿರುವ ಮಗ ರಜೆಯಲ್ಲಿ ಬಂದಾಗ ಗ್ರೇಟ್‌ಫುಲ್ ಡೆಡ್ ಎಂಬ ರಾಕ್ ತಂಡದ ಹಾಡು ಹಾಕುತ್ತಿದ್ದ. ‘1977ರದ್ದು ಕೇಳಮ್ಮ, 1990ರ ನಂತರದ್ದು ಬೇಡ, ದನಿ ಎಲ್ಲ ಹೋಗಿದೆ’ ಎಂದ. ನನಗೋ ಆ ಹೋದ ದನಿಯೇ ಹಿಡಿಸಿತು. ಊರಿನ ಯಕ್ಷಗಾನ ಆಟದಲ್ಲಿ ಪದ ಹಾಡುವ ಭಾಗವತರ ನೆನಪಾಯಿತು. ನನ್ನ ಕಿವಿಯದ್ದೇ ದೋಷವಾ? ಯಾವುದನ್ನು ಕೇಳಲಿ? ಯಜಮಾನರು ರೆಕಾರ್ಡ್ ಮಾಡಿಟ್ಟ ಆಟದ ಕ್ಯಾಸೆಟ್ಟುಗಳೂ ಮನೆಯಲ್ಲಿವೆ.
— ಓದುಗರೊಬ್ಬರು, ಬದಿಯಡ್ಕ

ಉತ್ತರ: ಅಕ್ಕಾ, ನಿಮ್ಮ ಕಿವಿಗೆ ಏನೂ ಆಗಿಲ್ಲ. ಮಗ ಹೇಳಿದ್ದೂ ಸುಳ್ಳಲ್ಲ. 1977ರಲ್ಲಿ ಆ ತಂಡದವರ ಕೈ ಬಹಳ ಚುರುಕಾಗಿತ್ತು. ಆದರೆ ಕಡೆಯ ವರ್ಷಗಳನ್ನು ಬಿಟ್ಟೇಬಿಡಿ ಅಂದರೆ ನಾನು ಒಪ್ಪುವುದಿಲ್ಲ.

ತಂಡ ಶುರುವಾದದ್ದು 1965ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ. 30 ವರ್ಷಗಳಲ್ಲಿ 2,300ಕ್ಕೂ ಹೆಚ್ಚು ಕಛೇರಿ ಕೊಟ್ಟರು. ಇವತ್ತು ಯಾವ ಹಾಡು, ಅದು ಎಷ್ಟು ಹೊತ್ತು ಬೆಳೆಯುತ್ತದೆ, ಎಲ್ಲಿ ಇನ್ನೊಂದು ಹಾಡಿಗೆ ಹೊರಳುತ್ತದೆ ಎಂಬುದು ವೇದಿಕೆಯಲ್ಲೇ ತೀರ್ಮಾನವಾಗುತ್ತಿತ್ತು. ನಮ್ಮ ಆಟದಲ್ಲೂ ಹಾಗೇ ಅಲ್ವಾ? ಪ್ರಸಂಗ ಎಲ್ಲರಿಗೂ ಗೊತ್ತು. ಆದರೂ ಆ ರಾತ್ರಿ ವೇಷಧಾರಿ ಹೇಗೆ ಕುಣಿಯುತ್ತಾನೋ, ಭಾಗವತರು ಹಾಗೆ ಪದ ಎಳೆಯುತ್ತಾರೆ.

ಗಿಟಾರ್ ನುಡಿಸಿ ಹಾಡುತ್ತಿದ್ದವರು ಜೆರ್ರಿ ಗಾರ್ಸಿಯಾ. 1986ರ ಜುಲೈಯಲ್ಲಿ ಸಕ್ಕರೆ ಕಾಯಿಲೆ ಜೋರಾಗಿ ಅವರಿಗೆ ಎಚ್ಚರವೇ ತಪ್ಪಿತು. ಕೆಲವು ದಿನ ಹಾಗೇ ಮಲಗಿದ್ದರು. ಎದ್ದ ಮೇಲೆ ಗಿಟಾರ್ ಹಿಡಿಯುವುದನ್ನೇ ಮತ್ತೆ ಕಲಿಯಬೇಕಾಯಿತು. ಗೆಳೆಯ ಮರ್ಲ್ ಸಾಂಡರ್ಸ್ ಪಕ್ಕದಲ್ಲಿ ಕೂತು ದಿನವೂ ಸ್ವಲ್ಪ ಸ್ವಲ್ಪ ನುಡಿಸಿಸಿದರು. ಡಿಸೆಂಬರ್ 15ಕ್ಕೆ ಓಕ್ಲೆಂಡ್‌ನಲ್ಲಿ ಮತ್ತೆ ವೇದಿಕೆ ಹತ್ತಿದರು. ಅಂದರೆ ನೀವು ಕೇಳುತ್ತಿರುವುದು ಕಲಿತದ್ದನ್ನೆಲ್ಲ ಒಮ್ಮೆ ಕಳೆದುಕೊಂಡು ಪುನಃ ಕಲಿತ ಕೈಯನ್ನು. ಈ ಸಂಗತಿ ತಿಳಿದ ಮೇಲೆ ನನಗೆ ಆ ಕಾಲದ ರೆಕಾರ್ಡಿಂಗ್ ಸುಮ್ನೆ ಹಾಕಿಟ್ಟು ಬೇರೆ ಕೆಲಸ ಮಾಡಲು ಮನಸ್ಸೇ ಬರುವುದಿಲ್ಲ.

ಎಲ್ಲಿಂದ ಶುರು ಮಾಡುವುದು? 1990ರ ಮಾರ್ಚ್ 29. ನ್ಯೂಯಾರ್ಕ್ ಹತ್ತಿರದ ನಸಾವು ಕೊಲೀಸಿಯಂ. ಜಾಝ್ ಸ್ಯಾಕ್ಸೊಫೋನ್ ವಾದಕ ಬ್ರಾನ್‌ಫರ್ಡ್ ಮಾರ್ಸಾಲಿಸ್ ಆವತ್ತು ಮೊದಲ ಸಲ ಅವರ ಜೊತೆ ನುಡಿಸಿದರು. ಮೊದಲ ಭಾಗದಲ್ಲಿ ಒಂದು ಹಾಡಿಗೆ ಬಂದವರು ಎರಡನೇ ಭಾಗಕ್ಕೂ ಉಳಿದರು. ‘ಐಸ್ ಆಫ್ ದಿ ವರ್ಲ್ಡ್’ ಹಾಡಿನಲ್ಲಿ ಗಿಟಾರ್ ಒಂದು ಮಾತು ಹೇಳಿದರೆ ಸ್ಯಾಕ್ಸೊಫೋನ್ ಅದನ್ನೇ ಸ್ವಲ್ಪ ಬದಲಿಸಿ ತಿರುಗಿ ಹೇಳುತ್ತದೆ. ಇಂಗ್ಲಿಷ್ ಬೇಕಾಗಿಲ್ಲ. ಒಳ್ಳೆಯ ತಾಳಮದ್ದಳೆಯ ಸಂವಾದದ ಹಾಗಿದೆ.

ಆ ಜುಲೈಯಲ್ಲೇ ಅವರ ಕೀಬೋರ್ಡ್ ವಾದಕ ಬ್ರೆಂಟ್ ಮಿಡ್‌ಲ್ಯಾಂಡ್ ತೀರಿಹೋದರು. ಆಮೇಲಿನ ಒಂದೂವರೆ ವರ್ಷ ಬ್ರೂಸ್ ಹಾರ್ನ್ಸ್‌ಬಿ ಪಿಯಾನೊ ನುಡಿಸಿದ ಕಛೇರಿಗಳು ಚೆನ್ನಾಗಿವೆ. 1994, 95ರ ಹೆಚ್ಚಿನವು ನನಗೂ ಕೇಳಲು ಕಷ್ಟ. ಗಾರ್ಸಿಯಾ ಸಾಲು ಮರೆಯುತ್ತಾರೆ, ಬೆರಳು ತಡವರಿಸುತ್ತದೆ. ಆದರೆ 1995ರ ಜುಲೈ 9ರ ಶಿಕಾಗೊ ಕಛೇರಿ ಬಿಡಬೇಡಿ. ಅದೇ ಕಡೆಯದ್ದು ಎಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ‘ಸೋ ಮೆನಿ ರೋಡ್ಸ್’ ಹಾಡಿನ ಕೊನೆಯಲ್ಲಿ ಒಂದೇ ಸಾಲನ್ನು ಮತ್ತೆ ಮತ್ತೆ ಹಾಡುತ್ತಾರೆ. ದನಿ ಒಡೆಯುತ್ತದೆ, ಆದರೂ ಬಿಡುವುದಿಲ್ಲ. ಸರಿಯಾಗಿ ಒಂದು ತಿಂಗಳಿಗೆ, ಆಗಸ್ಟ್ 9ರಂದು ತೀರಿಕೊಂಡರು. ಪ್ರಾಯ 53, ಅಷ್ಟೇ.

ಭಾಗವತರ ಮಾತು ಎತ್ತಿದಿರಿ. ನಮ್ಮ ಕುಂಬಳೆ ಕಡೆಯ ಆಟಗಳಿಗೆ ಬರುತ್ತಿದ್ದ ಒಬ್ಬ ಹಿರಿಯರು ಕೊನೆಗೆ ಶ್ರುತಿ ಎಷ್ಟೋ ಇಳಿಸಿಕೊಂಡಿದ್ದರು. ಏರುಪದ್ಯ ಕೈಲಾಗುತ್ತಿರಲಿಲ್ಲ. ಆದರೆ ಕರುಣರಸದ ಪದಕ್ಕೆ ಜಾಗಟೆಯನ್ನು ಮಡಿಲಲ್ಲಿಟ್ಟು, ಚೆಂಡೆಯವರಿಗೆ ಕೈಯಲ್ಲೇ ‘ಬೇಡ’ ಎಂದು ತೋರಿಸಿ, ಬರೀ ಮದ್ದಳೆಯ ಮೇಲೆ ಕಡೆಯ ಸಾಲನ್ನು ಎರಡನೇ ಸಲ ಹಾಡುತ್ತಿದ್ದರು. ನಾನು ರಂಗಸ್ಥಳದ ಕಂಬದ ಬುಡದಲ್ಲಿ ಟೇಪ್‌ರೆಕಾರ್ಡರ್ ಇಟ್ಟು ಕೂತಿದ್ದೆ. ಒಂದು ಬದಿಗೆ 45 ನಿಮಿಷ. ಮೊದಲ ಸಲದ ಸಾಲು ಮುಗಿಯಿತು, ಟಕ್ ಎಂದು ಟೇಪ್ ನಿಂತಿತು. ಮಗುಚಿ ಹಾಕುವಷ್ಟರಲ್ಲಿ ಎರಡನೆಯದು ಹೋಗಿಯೇ ಬಿಟ್ಟಿತ್ತು. ಈಗಲೂ ಆ ಕ್ಯಾಸೆಟ್ ಹಾಕಿದರೆ ಆ ಟಕ್ ಬರುವ ಮೊದಲು ಉಸಿರು ಹಿಡಿಯುತ್ತೇನೆ.

ಡೆಡ್ ತಂಡದವರು ಇಂಥ ರೆಕಾರ್ಡ್ ಮಾಡುವವರಿಗೆ ಜಾಗವನ್ನೇ ಬಿಟ್ಟುಕೊಟ್ಟರು. 1984ರಿಂದ ಅವರಿಗೆ ಬೇರೆ ಟಿಕೆಟ್ಟು, ಧ್ವನಿ ನಿಯಂತ್ರಿಸುವವರ ಹಿಂದೆ ಕೂರಲು ಜಾಗ. ಮಾರುವಂತಿಲ್ಲ, ಒಬ್ಬರಿಗೊಬ್ಬರು ಕೊಡಬಹುದು. ಅದರಿಂದಲೇ ಇವತ್ತು ಇಂಟರ್ನೆಟ್ ಆರ್ಕೈವ್‌ನಲ್ಲಿ ಸಾವಿರಾರು ರೆಕಾರ್ಡಿಂಗ್ ದುಡ್ಡಿಲ್ಲದೆ ಸಿಗುತ್ತವೆ. ಜನರ ನಡುವೆ ಕೂತು ಮಾಡಿದ್ದನ್ನೇ ಆರಿಸಿಕೊಳ್ಳಿ. ಕೂಗು, ಚಪ್ಪಾಳೆ ಎಲ್ಲ ಅದರಲ್ಲಿದೆ.

ಯಜಮಾನರ ಕ್ಯಾಸೆಟ್ಟುಗಳ ವಿಷಯಕ್ಕೆ ಬರುತ್ತೇನೆ. ನಮ್ಮ ಮಳೆಗೆ ಅವುಗಳಿಗೆ ಬೂಷ್ಟು ಹಿಡಿಯುವುದು ಸಾಮಾನ್ಯ. ಕಿಟಕಿಯಂಥ ಜಾಗದಲ್ಲಿ ನೋಡಿ, ಸುರುಳಿಯ ಅಂಚಿನಲ್ಲಿ ಬಿಳಿ ಮಚ್ಚೆ ಇದ್ದರೆ ಹಾಕಲೇಬೇಡಿ. ಪ್ಲೇಯರಿಗೂ ಅಂಟಿ, ಅಲ್ಲಿಂದ ಬೇರೆ ಕ್ಯಾಸೆಟ್ಟಿಗೂ ಹರಡುತ್ತದೆ. ಗೊತ್ತಿದ್ದವರಿಂದ ಶುಚಿ ಮಾಡಿಸಿ, ಕಂಪ್ಯೂಟರಿಗೆ ಹಾಕಿಸಿ. ಮಗ ಮುಂದಿನ ರಜೆಗೆ ಬಂದಾಗ ಮೊದಲು ಅದೇ ಕೆಲಸಕ್ಕೆ ಹಚ್ಚಿ.

ಪ್ರಶ್ನೆ: ನಾನು ಚೆಂಡೆ ಕಲಿಯುತ್ತಿದ್ದೇನೆ. ಗ್ರೇಟ್‌ಫುಲ್ ಡೆಡ್ ತಂಡದಲ್ಲಿ ಡ್ರಮ್ ನುಡಿಸುತ್ತಿದ್ದವರು ಇಬ್ಬರು ಯಾಕೆ?
— ಓದುಗರೊಬ್ಬರು, ಮಂಜೇಶ್ವರ

ಉತ್ತರ: ಬಿಲ್ ಕ್ರೂಟ್ಜ್‌ಮನ್ ಮೊದಲಿನಿಂದ ಇದ್ದವರು. ಮಿಕ್ಕಿ ಹಾರ್ಟ್ 1967ರಲ್ಲಿ ಸೇರಿದರು. ಒಬ್ಬರು ನಡೆ ಹಿಡಿದರೆ ಇನ್ನೊಬ್ಬರು ಅದರ ಮೇಲೆ ಆಡಬಹುದು. ಚೆಂಡೆ, ಮದ್ದಳೆ ಜೊತೆಯಾಗುವುದು ನಿಮಗೆ ಗೊತ್ತೇ ಇದೆ. ಕೊನೆಯ ವರ್ಷಗಳಲ್ಲಿ ಎರಡನೇ ಭಾಗದ ನಡುವೆ ಉಳಿದವರೆಲ್ಲ ಒಳಗೆ ಹೋಗಿ ಇವರಿಬ್ಬರೇ ನುಡಿಸುತ್ತಿದ್ದರು. ಹಾರ್ಟ್ ತಬಲಾದ ಅಲ್ಲಾ ರಖಾ ಅವರ ಬಳಿ ಪಾಠ ಹೇಳಿಸಿಕೊಂಡವರು. ಜಾಕಿರ್ ಹುಸೇನರ ಜೊತೆ ಸೇರಿ 1991ರಲ್ಲಿ ‘ಪ್ಲಾನೆಟ್ ಡ್ರಮ್’ ಎಂಬ ಆಲ್ಬಮ್ ತಂದರು. ಅದರಲ್ಲಿ ಘಟ ನುಡಿಸಿದವರು ವಿಕ್ಕು ವಿನಾಯಕರಾಮ್. ನೀವು ಅದನ್ನು ಮೊದಲು ಕೇಳಿ, ಡೆಡ್ ಆಮೇಲೆ.