ಹನ್ನೆರಡು ಮಕ್ಕಳಿಂದ ಕ್ರೈಸ್ತ ಶಾಲೆ ಶುರು ಮಾಡಬಹುದಾ? ಮೊದಲ ದುಡ್ಡು ಎಲ್ಲಿಗೆ ಹೋಗಬೇಕು?

ನಿಮ್ಮ ಸಭೆಯ ಐದು ಕುಟುಂಬಗಳು ಸೇರಿ ಒಂದು ಚಿಕ್ಕ ಕ್ರೈಸ್ತ ಶಾಲೆ ತೆರೆಯಬೇಕು ಅಂದುಕೊಂಡಿದ್ದೀರಿ. ಹನ್ನೆರಡು ಮಕ್ಕಳಿದ್ದಾರೆ. ಹೆಚ್ಚಿನವರು ಐದರಿಂದ ಒಂಬತ್ತು ವರ್ಷದವರು, ನಿಮ್ಮ ದೊಡ್ಡ ಮಗಳು ಮಾತ್ರ ಏಳನೇ ತರಗತಿಗೆ ಬಂದಿದ್ದಾಳೆ. ವಾರದ ದಿನಗಳಲ್ಲಿ ಸಭೆಯ ಹಾಲ್ ಖಾಲಿ. ಇಷ್ಟು ಸಾಕಾ, ಮೊದಲು ಯಾವುದಕ್ಕೆ ದುಡ್ಡು ಹಾಕಬೇಕು ಅಂತ ಕೇಳಿದ್ದೀರಿ.

ಸಾಕು. ದುಡ್ಡನ್ನು ಶಿಕ್ಷಕರಿಗೆ ಹಾಕಿ. ಕಟ್ಟಡ, ಬಸ್ಸು, ಯೂನಿಫಾರ್ಮ್, ಕಂಪ್ಯೂಟರ್ ಎಲ್ಲ ಆಮೇಲೆ.

ಇಂಥದ್ದೇ ಒಂದು ಶಾಲೆಯನ್ನು ಶುರು ಮಾಡಿದವರಲ್ಲಿ ನಾನೂ ಒಬ್ಬಳು. ಮೊದಲ ವರ್ಷ ಹದಿನಾಲ್ಕು ಮಕ್ಕಳು, ಇಬ್ಬರು ಶಿಕ್ಷಕಿಯರು. ಸಂಡೇ ಸ್ಕೂಲ್ ನಡೆಯುವ ಕೋಣೆಯೇ ನಮ್ಮ ತರಗತಿ. ಶುಕ್ರವಾರ ಸಂಜೆ ಚಾರ್ಟುಗಳನ್ನು ಬಿಚ್ಚಿ, ಬೆಂಚುಗಳನ್ನು ಗೋಡೆಗೆ ಸರಿಸಿ, ಆರಾಧನೆಗೆ ಜಾಗ ಬಿಡುತ್ತಿದ್ದೆವು. ಸೋಮವಾರ ಬೆಳಿಗ್ಗೆ ಮತ್ತೆ ಎಲ್ಲ ಜೋಡಿಸುವುದು. ನಾಲ್ಕು ವರ್ಷ ಹೀಗೇ ನಡೆಯಿತು. ಇದರಿಂದ ಒಂದು ಮಗುವಿನ ಓದೂ ಹಿಂದೆ ಬೀಳಲಿಲ್ಲ.

ಆಗ ನಮಗೆ ತುಂಬಾ ಧೈರ್ಯ ಕೊಟ್ಟದ್ದು ಆಗಸ್ಟ್ ಹರ್ಮನ್ ಫ್ರಾಂಕೆಯವರ ಕಥೆ. ಅವರು ಜರ್ಮನಿಯ ಹಾಲೆ ಊರಿನ ಹೊರಗಿದ್ದ ಗ್ಲೌಖಾದಲ್ಲಿ ಸಭಾಪಾಲಕರು. ಬಡವರಿಗಾಗಿ ಮನೆಯಲ್ಲಿ ಒಂದು ಕಾಣಿಕೆ ಡಬ್ಬಿ ಇಟ್ಟಿದ್ದರು. 1695ರ ಈಸ್ಟರ್ ಸಮಯದಲ್ಲಿ ಯಾರೋ ಒಬ್ಬರು ಅದರಲ್ಲಿ 4 ಥಾಲರ್, 16 ಗ್ರೋಷನ್ (ಆ ಕಾಲದ ಜರ್ಮನ್ ನಾಣ್ಯಗಳು) ಹಾಕಿದ್ದರು. ಅಷ್ಟನ್ನೇ ನಂಬಿ ಅವರು ಬಡ ಮಕ್ಕಳ ಶಾಲೆ ಶುರು ಮಾಡಿದರು. ಸ್ವಲ್ಪ ದುಡ್ಡಿಗೆ ಪುಸ್ತಕ ತಂದರು. ಉಳಿದದ್ದರಲ್ಲಿ ಒಬ್ಬ ಬಡ ವಿದ್ಯಾರ್ಥಿಯನ್ನು ದಿನಕ್ಕೆ ಎರಡು ಗಂಟೆ ಪಾಠ ಮಾಡಲು ನೇಮಿಸಿದರು. ಮನೆಗೆ ಕೊಟ್ಟು ಕಳಿಸಿದ 27 ಪುಸ್ತಕಗಳಲ್ಲಿ ವಾಪಸ್ ಬಂದದ್ದು ನಾಲ್ಕೇ. ಅವರು ಮತ್ತೆ ಪುಸ್ತಕ ಕೊಂಡರು. ಆದರೆ ಈ ಸಲ ಶಾಲೆಯಲ್ಲೇ ಇಟ್ಟುಕೊಂಡರು. ಇದನ್ನು ಓದಿದ ದಿನ ನಮ್ಮ ಶಾಲೆಯ ಕಳೆದುಹೋದ ಪುಸ್ತಕಗಳ ಬಗ್ಗೆ ನನಗಿದ್ದ ಬೇಸರ ಕಡಿಮೆಯಾಯಿತು.

ಇಲ್ಲಿ ನೀವು ಗಮನಿಸಬೇಕಾದದ್ದು ಮುಂದಿದೆ. ಪಾಠ ಚೆನ್ನಾಗಿದೆ ಅಂತ ಕಂಡು, ಅನುಕೂಲ ಇದ್ದವರೂ ಶುಲ್ಕ ಕೊಟ್ಟು ಮಕ್ಕಳನ್ನು ಕಳಿಸತೊಡಗಿದರು. ವಿಶ್ವವಿದ್ಯಾಲಯದ ಬಡ ವಿದ್ಯಾರ್ಥಿಗಳಿಗೆ ಫ್ರಾಂಕೆ ಉಚಿತ ಊಟ ಕೊಟ್ಟು, ಅವರಿಂದ ಪಾಠ ಮಾಡಿಸಿದರು. ಅಂದರೆ ಶಾಲೆಯ ಜೊತೆಜೊತೆಗೇ ಶಿಕ್ಷಕರೂ ತಯಾರಾದರು. ಆಮೇಲೆ ಅನಾಥಾಲಯ, ಔಷಧಾಲಯ, ಮುದ್ರಣಾಲಯ ಎಲ್ಲ ಬಂದವು. 1727ರಲ್ಲಿ ಅವರು ತೀರಿಕೊಂಡಾಗ ಆ ಶಾಲೆಗಳಲ್ಲಿ 2,000ಕ್ಕಿಂತ ಜಾಸ್ತಿ ಮಕ್ಕಳು ಓದುತ್ತಿದ್ದರು.

ಈ ಕಥೆಯಿಂದ ನಾವು ಧೈರ್ಯ ತೆಗೆದುಕೊಂಡೆವು, ಪಾಠ ಕಲಿಯಲಿಲ್ಲ. ಐದನೇ ವರ್ಷ ಪೋಷಕರ ಒತ್ತಾಯಕ್ಕೆ ಒಟ್ಟಿಗೇ ಮೂರು ತರಗತಿ ಹೆಚ್ಚಿಸಿದೆವು. ಅದೇ ವರ್ಷ ಹೊಸ ಕಟ್ಟಡಕ್ಕೆ ಪಾಯ ಹಾಕಿದೆವು. ಕಟ್ಟಡಕ್ಕೆ ದುಡ್ಡು ಸಾಲದೆ ಹೋದಾಗ ಸಂಬಳ ತಡವಾಯಿತು. ಮೊದಲು ಹತ್ತು ದಿನ, ಆಮೇಲೆ ಎರಡು ತಿಂಗಳು. ಶಿಕ್ಷಕಿಯರು ಬಾಯಿಬಿಟ್ಟು ಕೇಳಲಿಲ್ಲ. ಇದು ದೇವರ ಸೇವೆ, ಹೇಗೆ ಕೇಳುವುದು ಅಂತ ಸುಮ್ಮನಿದ್ದರು. ವರ್ಷದ ಮಧ್ಯದಲ್ಲಿ ಇಬ್ಬರು ಬಿಟ್ಟು ಹೋದರು. ಒಬ್ಬರು ಮೊದಲ ದಿನದಿಂದ ನಮ್ಮ ಜೊತೆ ಇದ್ದವರು. ಒಂದನೇ ತರಗತಿಯ ಒಂದು ಮಗು ತಿಂಗಳುಗಟ್ಟಲೆ ಅವರ ಹೆಸರನ್ನೇ ಕೇಳುತ್ತಿತ್ತು. ಆ ಎರಡು ತಿಂಗಳು ಲೆಕ್ಕದ ಪುಸ್ತಕ ನನ್ನ ಕೈಯಲ್ಲೇ ಇತ್ತು. ಇವತ್ತಿಗೂ ಅದು ನನ್ನನ್ನು ಕಾಡುತ್ತದೆ.

ಹೀಗಾಗಬಾರದು ಅಂದರೆ ಲೆಕ್ಕವನ್ನು ಮೊದಲೇ ಎರಡು ಭಾಗ ಮಾಡಿ. ಶುಲ್ಕದಿಂದ ಬಂದದ್ದು ಪೂರ್ತಿ ಸಂಬಳಕ್ಕೆ. ಕಾಣಿಕೆಯಿಂದ ಬಂದದ್ದು ಬೆಂಚು, ಪುಸ್ತಕ, ಗೋಡೆಗಳಿಗೆ. ಕಾಣಿಕೆ ಒಂದು ವರ್ಷ ಬರುತ್ತದೆ, ಇನ್ನೊಂದು ವರ್ಷ ಬರುವುದಿಲ್ಲ. ಸಂಬಳ ಅದನ್ನು ನಂಬಿಕೊಂಡಿರಬಾರದು. ಶುಲ್ಕ ಕಟ್ಟಲಾಗದ ಮನೆಯವರಿಗೆ ಬೇರೆಯೇ ಒಂದು ನಿಧಿ ಇಡಿ. ಅದರಿಂದ ಆ ಮಗುವಿನ ಶುಲ್ಕ ಶಾಲೆಗೆ ಬರಲಿ. ಯಾರಿಗೆ ಸಹಾಯ ಆಗಿದೆ ಅಂತ ಒಬ್ಬರಿಬ್ಬರಿಗೆ ಬಿಟ್ಟು ಯಾರಿಗೂ ಗೊತ್ತಾಗಬಾರದು. ಮಕ್ಕಳಿಗಂತೂ ಗೊತ್ತಾಗಲೇಬಾರದು.

ಫ್ರಾನ್ಸಿನ ರ‍್ಯಾನ್ಸ್ ಊರಿನ ಪಾದ್ರಿ ಜಾನ್ ಬ್ಯಾಪ್ಟಿಸ್ಟ್ ದ ಲಾ ಸಾಲ್ ಅವರಿಗೂ, ನಾಳೆ ಹೇಗೋ ಅನ್ನುವ ಶಿಕ್ಷಕರ ಭಯ ಎದುರಾಗಿತ್ತು. ಅವರು ಶ್ರೀಮಂತ ಮನೆತನದವರು. ಬಡ ಮಕ್ಕಳ ಶಾಲೆಗಳ ಶಿಕ್ಷಕರಿಗೆ ದೇವರ ಮೇಲೆ ಭರವಸೆ ಇಡಿ ಅಂತ ಹೇಳುತ್ತಿದ್ದರು. ನಿಮಗೆ ಆಸ್ತಿ ಇದೆ, ಶಾಲೆ ಮುಚ್ಚಿದರೆ ನಮ್ಮ ಗತಿ ಏನು ಅಂತ ಆ ಶಿಕ್ಷಕರು ಕೇಳಿದರು. ಲಾ ಸಾಲ್ ಆ ಮಾತನ್ನು ತಳ್ಳಿಹಾಕಲಿಲ್ಲ. 1683ರಲ್ಲಿ ಆದಾಯ ತರುತ್ತಿದ್ದ ತಮ್ಮ ಚರ್ಚಿನ ಹುದ್ದೆ ಬಿಟ್ಟರು. ಆಮೇಲೆ ಬಂದ ಬರಗಾಲದಲ್ಲಿ ತಮ್ಮ ಆಸ್ತಿಯನ್ನೂ ಬಡವರಿಗೆ ಹಂಚಿದರು. ನಮ್ಮಿಂದ ನಿಮ್ಮಿಂದ ಅಷ್ಟು ಆಗಲಿಕ್ಕಿಲ್ಲ. ಆದರೆ ಶಿಕ್ಷಕರಿಗೆ ಮಾತ್ರ ತ್ಯಾಗ ಹೇಳಿ, ಸಮಿತಿಯವರು ಸುಖವಾಗಿರುವುದು ತಪ್ಪು, ಅಲ್ವಾ?

ಇನ್ನು ಬೆಳೆಸುವ ವಿಚಾರ. ವರ್ಷಕ್ಕೆ ಒಂದೇ ತರಗತಿ, ಅದೂ ಕೆಳಗಿನಿಂದ ಮೇಲಕ್ಕೆ. ಈಗಿರುವ ಮಕ್ಕಳು ಬೆಳೆದಂತೆ ಶಾಲೆಯೂ ಬೆಳೆಯಲಿ. ಮೊದಮೊದಲು ಎರಡು ಮೂರು ತರಗತಿ ಒಂದೇ ಕೋಣೆಯಲ್ಲಿ ಕೂರುತ್ತವೆ. ಅದಕ್ಕೆ ಹೆದರಬೇಡಿ. ಒಂದು ಗುಂಪಿಗೆ ಪಾಠ ನಡೆಯುವಾಗ ಇನ್ನೊಂದು ಗುಂಪು ಬರೆಯುತ್ತಿರುತ್ತದೆ. ದೊಡ್ಡವರು ಚಿಕ್ಕವರ ಓದು ಒಪ್ಪಿಸಿಕೊಳ್ಳುತ್ತಾರೆ, ಅದರಲ್ಲಿ ಅವರೂ ಕಲಿಯುತ್ತಾರೆ. ಆದರೆ ಈ ರೀತಿ ಪಾಠ ಮಾಡಲು ಅನುಭವ ಇರುವವರು ಬೇಕು. ಅದಕ್ಕೇ ಮೊದಲ ಶಿಕ್ಷಕಿ ನಿಮಗೆ ಸಿಗುವವರಲ್ಲಿ ಅತ್ಯುತ್ತಮರಾಗಿರಲಿ ಅನ್ನುವುದು.

ಸಭೆಗೂ ಶಾಲೆಗೂ ನಡುವಿನ ವ್ಯವಹಾರ ಕಾಗದದ ಮೇಲಿರಲಿ. ಬ್ಯಾಂಕ್ ಖಾತೆ ಬೇರೆ, ಸಮಿತಿ ಬೇರೆ. ಹಾಲ್ ಉಚಿತವಾಗಿ ಕೊಟ್ಟರೂ ಎಷ್ಟು ವರ್ಷಕ್ಕೆ ಅಂತ ಬರೆಸಿಕೊಳ್ಳಿ. ಪಾಸ್ಟರ್ ಬದಲಾದ ಕೂಡಲೇ ಶಾಲೆ ಅಲ್ಲಾಡಬಾರದು. ಸರ್ಕಾರದ ಮಾನ್ಯತೆ ಬೇಕಾ, ಯಾವ ತರಗತಿವರೆಗೆ ಬೇಕು ಅನ್ನುವುದನ್ನು ಮೊದಲ ಮಗುವನ್ನು ಸೇರಿಸಿಕೊಳ್ಳುವ ಮುಂಚೆಯೇ ತಿಳಿದುಕೊಳ್ಳಿ.

ಕ್ರೈಸ್ತ ಶಾಲೆ ಅಂದಮೇಲೆ ಬೆಳಗಿನ ಪ್ರಾರ್ಥನೆ, ಸತ್ಯವೇದ ಪಾಠ ಇದ್ದೇ ಇರುತ್ತವೆ. ಆದರೆ ಮಕ್ಕಳು ನಮ್ಮ ನಂಬಿಕೆಯನ್ನು ಜಾಸ್ತಿ ಗಮನಿಸುವುದು ಲೆಕ್ಕದ ಪಿರಿಯಡ್ಡಿನಲ್ಲಿ. ತಪ್ಪು ಮಾಡಿದ ಮಗುವಿನ ಜೊತೆ ಶಿಕ್ಷಕಿ ಹೇಗೆ ಮಾತಾಡುತ್ತಾರೆ ಅಂತ ಇಡೀ ತರಗತಿ ನೋಡುತ್ತಿರುತ್ತದೆ. ಬೇರೆ ನಂಬಿಕೆಯ ಮನೆಯಿಂದ ಮಕ್ಕಳು ಬಂದರೆ, ಶಾಲೆಯಲ್ಲಿ ಏನೇನು ಕಲಿಸುತ್ತೇವೆ ಅಂತ ತಂದೆತಾಯಿಗೆ ಮೊದಲ ದಿನವೇ ಬಿಚ್ಚಿ ಹೇಳಿ.

ಕೊನೆಗೆ ನಿಮ್ಮ ದೊಡ್ಡ ಮಗಳ ವಿಷಯ. ಅವಳೊಬ್ಬಳಿಗಾಗಿ ಏಳನೇ ತರಗತಿ ತೆರೆಯಬೇಡಿ. ವಿಜ್ಞಾನಕ್ಕೆ, ಗಣಿತಕ್ಕೆ ಬೇರೆ ಬೇರೆ ಶಿಕ್ಷಕರು ಬೇಕಾಗುತ್ತಾರೆ. ಜೊತೆಗೆ ಓದಲು ಒಬ್ಬ ಗೆಳತಿಯೂ ಇರುವುದಿಲ್ಲ. ಅವಳು ಈಗಿರುವ ಶಾಲೆಯಲ್ಲೇ ಓದಲಿ. ಬಿಡುವಿದ್ದಾಗ, ಅವಳಿಗೆ ಇಷ್ಟ ಇದ್ದರೆ, ಬಂದು ಚಿಕ್ಕ ಮಕ್ಕಳಿಗೆ ಕಥೆ ಓದಿ ಹೇಳಲಿ.