ಬಂಡಾಯದ ಸಾಮಾನು ಜೈಲಿನಿಂದಲೇ ಬರಬೇಕು

ನಿಮ್ಮ ಪ್ರಶ್ನೆ ನಿನ್ನೆ ರಾತ್ರಿಯೇ ಓದಿದೆ. ಸ್ವಲ್ಪ ಉದ್ದವಾಗಿ ಬರೆಯಬೇಕಿತ್ತು, ಅದಕ್ಕೆ ಬೆಳಿಗ್ಗೆವರೆಗೆ ಕಾದೆ.

ನಿಮ್ಮ ಹವ್ಯಾಸಿ ತಂಡಕ್ಕೆ ನಲವತ್ತು ನಿಮಿಷದ ಜೈಲು ನಾಟಕ ಬರೆಯುತ್ತಿದ್ದೀರಿ. ನಾಯಕ ಯಾರಿಗೂ ಬಗ್ಗದವನು. ಮೂರನೇ ದೃಶ್ಯದಲ್ಲಿ ಅವನು ವಾರ್ಡರ್‌ನ ಕೆನ್ನೆಗೆ ಬಾರಿಸುತ್ತಾನೆ. ನಾಲ್ಕನೆಯದರಲ್ಲಿ ಸ್ವಾತಂತ್ರ್ಯದ ಬಗ್ಗೆ ಎರಡು ಪುಟ ಮಾತಾಡುತ್ತಾನೆ. ಓದಿ ಹೇಳಿದರೆ ತಂಡದವರು ‘ನಾಟ್ತಾ ಇಲ್ಲ’ ಅಂದರು. ಯಾವ ಹಳೆ ಜೈಲು ಸಿನಿಮಾ ನೋಡಲಿ, ಏನನ್ನು ಗಮನಿಸಲಿ ಅಂತ ಕೇಳಿದ್ದೀರಿ. ನಿಮ್ಮ ಪ್ರಶ್ನೆಗೆ ನನಗಿಂತ ಮುಂಚೆ ಉತ್ತರಿಸಿದ ಒಬ್ಬರು ಹನ್ನೆರಡು ಹೆಸರು ಕೊಟ್ಟಿದ್ದಾರೆ. ಎಲ್ಲಾ ಒಳ್ಳೆಯ ಸಿನಿಮಾಗಳೇ. ಆದರೆ ಬರೆಯುವ ಹೊತ್ತಿನಲ್ಲಿ ಹನ್ನೆರಡು ಜಾಸ್ತಿ. ನಾಲ್ಕು ಸಾಕು, ಅದರಲ್ಲಿ ಒಂದನ್ನು ಎರಡು ಸಲ ನೋಡಿ. ನಾಟಕಕ್ಕಾಗಿ ನೋಡುವುದರಿಂದ ಕಥೆ ಬಿಟ್ಟುಕೊಡುತ್ತೇನೆ, ಬೇಜಾರು ಮಾಡ್ಕೋಬೇಡಿ. ಒಂದರ ಕೊನೆ ಮಾತ್ರ ಹೇಳುವುದಿಲ್ಲ.

ಮೊದಲು 1932ರ ‘ಐ ಆ್ಯಮ್ ಎ ಫ್ಯುಜಿಟಿವ್ ಫ್ರಮ್ ಎ ಚೈನ್ ಗ್ಯಾಂಗ್’. ಮರ್ವಿನ್ ಲೆರಾಯ್ ನಿರ್ದೇಶನ, ಪಾಲ್ ಮ್ಯುನಿ ನಾಯಕ. ಮೊದಲ ಮಹಾಯುದ್ಧದಿಂದ ವಾಪಸ್ ಬಂದ ಸೈನಿಕನಿಗೆ ಕೆಲಸ ಸಿಗುವುದಿಲ್ಲ. ಯಾರೋ ಮಾಡಿಸಿದ ಸಣ್ಣ ದರೋಡೆಯಲ್ಲಿ ಸಿಕ್ಕಿಬೀಳುತ್ತಾನೆ. ಹತ್ತು ವರ್ಷ ಕಠಿಣ ಶಿಕ್ಷೆ, ಕಾಲಿಗೆ ಸರಪಳಿ. ಅಮೆರಿಕದ ಜಾರ್ಜಿಯಾದಲ್ಲಿ ಸರಪಳಿ ಹಾಕಿ ದುಡಿಸುವ ಕೈದಿಗಳ ತಂಡದಿಂದ ತಪ್ಪಿಸಿಕೊಂಡಿದ್ದ ರಾಬರ್ಟ್ ಬರ್ನ್ಸ್ ಬರೆದ ತನ್ನದೇ ಕಥೆ ಇದಕ್ಕೆ ಆಧಾರ. ಸಿನಿಮಾ ತೆರೆಗೆ ಬಂದಾಗಲೂ ಆತ ಪೊಲೀಸರಿಗೆ ಬೇಕಾದವನೇ ಆಗಿದ್ದ. ಆ ವರ್ಷದ ಕೊನೆಯಲ್ಲಿ ನ್ಯೂಜೆರ್ಸಿಯಲ್ಲಿ ಹಿಡಿದರು. ಅಲ್ಲಿನ ಗವರ್ನರ್ ಅವನನ್ನು ಜಾರ್ಜಿಯಾಕ್ಕೆ ಒಪ್ಪಿಸಲಿಲ್ಲ.

ಇದರಲ್ಲಿ ನೀವು ನೋಡಬೇಕಾದದ್ದು ಒಂದೇ ಒಂದು ಕ್ಷಣ. ಬಿಸಿಲಲ್ಲಿ ಕಲ್ಲು ಒಡೆಯುತ್ತಿರುವ ಹೊಸ ಕೈದಿ ಹಣೆಯ ಬೆವರು ಒರೆಸಿಕೊಳ್ಳುತ್ತಾನೆ. ತಕ್ಷಣ ಪೆಟ್ಟು ಬೀಳುತ್ತದೆ. ಯಾಕೆ ಅಂತ ಅವನಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಆಮೇಲೆ ಗೊತ್ತಾಗುತ್ತದೆ: ಒರೆಸಿಕೊಳ್ಳುವ ಮುಂಚೆ ಕೂಗಿ ಅಪ್ಪಣೆ ಕೇಳಬೇಕು. ಇದು ನಿಮ್ಮ ನಾಟಕದ ಮೊದಲ ದೃಶ್ಯಕ್ಕೆ ಬೇಕಾದ ಪಾಠ. ಜೈಲು ಎಷ್ಟು ಕ್ರೂರ ಅಂತ ಹೇಳಲು ನಿಮ್ಮ ವಾರ್ಡರ್ ಈಗ ಕಿರುಚಾಡುತ್ತಾನೆ. ಅದರ ಬದಲು ಒಂದು ಸಣ್ಣ ನಿಯಮ ಇಡಿ. ನೀರು ಕುಡಿಯಲು, ಕೆಮ್ಮಲು, ಕೂರಲು ಅಪ್ಪಣೆ. ಪ್ರೇಕ್ಷಕನ ಮೈಗೇ ಆ ನಿಯಮ ಹತ್ತಬೇಕು.

ಈಗ 1967ರ ‘ಕೂಲ್ ಹ್ಯಾಂಡ್ ಲ್ಯೂಕ್’. ಎರಡು ಸಲ ನೋಡಿ ಅಂದದ್ದು ಇದನ್ನೇ. ಸ್ಟುವರ್ಟ್ ರೋಸೆನ್‌ಬರ್ಗ್ ನಿರ್ದೇಶನ, ಪಾಲ್ ನ್ಯೂಮನ್ ನಾಯಕ. ಕಾದಂಬರಿ ಬರೆದ ಡಾನ್ ಪಿಯರ್ಸ್ ಸ್ವತಃ ಫ್ಲಾರಿಡಾದ ರಸ್ತೆ ಕೆಲಸದ ಕೈದಿ ತಂಡದಲ್ಲಿ ಇದ್ದು ಬಂದವರು. ಚಿತ್ರಕಥೆಯಲ್ಲೂ ಅವರ ಕೈ ಇದೆ. ಅದಕ್ಕೇ ಈ ಸಿನಿಮಾದ ಅಪ್ಪಣೆಗಳು ಅಷ್ಟು ನಿಜ ಅನಿಸುತ್ತವೆ. ‘ಅಂಗಿ ಬಿಚ್ತಿದೀನಿ ಬಾಸ್’ ಅಂತ ಕೂಗಿದ ಮೇಲೇ ಅಂಗಿ ಬಿಚ್ಚಬೇಕು. 1932ರಲ್ಲಿ ಬೆವರು, 1967ರಲ್ಲಿ ಅಂಗಿ. ಮೂವತ್ತೈದು ವರ್ಷ ಕಳೆದರೂ ಅದೇ ಕೂಗು.

ಲ್ಯೂಕ್ ಮಾಡಿದ ಅಪರಾಧ ಏನು? ಕುಡಿದು, ರಾತ್ರಿ ಹೊತ್ತು, ಬೀದಿಯ ಪಾರ್ಕಿಂಗ್ ಮೀಟರ್‌ಗಳ ತಲೆ ಕತ್ತರಿಸಿದ್ದು. ಅದಕ್ಕೆ ಎರಡು ವರ್ಷ. ಯಾಕೆ ಕತ್ತರಿಸಿದ ಅಂದರೆ ಸರಿಯಾದ ಉತ್ತರವೂ ಇಲ್ಲ. ನಿಮ್ಮ ನಾಯಕನಿಗೆ ನೀವು ದೊಡ್ಡ ಹಿನ್ನೆಲೆ ಕೊಟ್ಟಿದ್ದೀರಿ: ಜಮೀನುದಾರ, ಸುಳ್ಳು ಕೇಸು, ತಂಗಿಯ ಮದುವೆ. ಇಟ್ಟುಕೊಳ್ಳಿ, ತಪ್ಪಿಲ್ಲ. ಆದರೆ ಜೈಲಿನೊಳಗೆ ಅವನು ಬಗ್ಗದಿರುವುದಕ್ಕೆ ಆ ಕೇಸು ಕಾರಣ ಆಗಬೇಕಿಲ್ಲ. ಲ್ಯೂಕ್‌ಗೆ ಯಾವ ಸಿದ್ಧಾಂತವೂ ಇಲ್ಲ. ಯಾರೋ ಹಾಕಿದ ಗೆರೆ ಕಂಡರೆ ಅವನ ಕಾಲು ತಾನಾಗಿ ಅದನ್ನು ದಾಟುತ್ತದೆ, ಅಷ್ಟೇ. ಅದನ್ನು ನಂಬಿಸುವುದು ಕಷ್ಟ. ನ್ಯೂಮನ್ ಒಂದು ನಗುವಿನಲ್ಲಿ ನಂಬಿಸುತ್ತಾರೆ.

ಇದರಲ್ಲಿ ಎರಡು ಊಟದ ದೃಶ್ಯಗಳಿವೆ. ಇವನ್ನು ಪಕ್ಕಪಕ್ಕ ಇಟ್ಟು ನೋಡಿ. ಮೊದಲನೆಯದು ಎಲ್ಲರಿಗೂ ಗೊತ್ತು: ಒಂದು ಗಂಟೆಯಲ್ಲಿ ಐವತ್ತು ಮೊಟ್ಟೆ ತಿನ್ನುವ ಪಂದ್ಯ. ಇಡೀ ಬ್ಯಾರಕ್ ದುಡ್ಡು ಕಟ್ಟುತ್ತದೆ. ಕೊನೆಗೆ ಅವನು ಮೇಜಿನ ಮೇಲೆ ಕೈ ಚಾಚಿ, ಕಾಲ ಮೇಲೆ ಕಾಲು ಹಾಕಿ ಮಲಗಿರುತ್ತಾನೆ, ಶಿಲುಬೆಯ ಮೇಲಿನ ಏಸುವಿನ ಹಾಗೆ. ಕ್ಯಾಮರಾ ಮೇಲಿನಿಂದ ನೋಡುತ್ತದೆ. ಗೆದ್ದಿದ್ದಾನೆ, ಆದರೆ ಗೆಲ್ಲಿಸಿದವರೆಲ್ಲ ಅವನನ್ನು ಅಲ್ಲೇ ಬಿಟ್ಟು ಹೋಗಿದ್ದಾರೆ.

ಎರಡನೆಯದು ಬಹಳ ಜನರಿಗೆ ನೆನಪೇ ಇರುವುದಿಲ್ಲ. ತಪ್ಪಿಸಿಕೊಂಡು ಹೋಗಿ ಸಿಕ್ಕಿಬಿದ್ದ ಮೇಲೆ ಅವನನ್ನು ಪೆಟ್ಟಿಗೆಯಂಥ ಒಂಟಿ ಕೋಣೆಗೆ ತಳ್ಳಿರುತ್ತಾರೆ. ಹೊರಗೆ ಬಂದಾಗ ಮೈಯಲ್ಲಿ ಶಕ್ತಿ ಇಲ್ಲ. ಅವನ ತಟ್ಟೆಗೆ ಅನ್ನ ಬಡಿಸುತ್ತಾರೆ, ಮೇಲೆ ಮೇಲೆ, ಗುಡ್ಡದ ಹಾಗೆ. ಪೂರ್ತಿ ತಿನ್ನದಿದ್ದರೆ ಮತ್ತೆ ಪೆಟ್ಟಿಗೆ. ಅವನಿಂದ ಆಗುವುದಿಲ್ಲ. ಆಗ ಒಬ್ಬ ಕೈದಿ ಬಂದು ಅವನ ತಟ್ಟೆಯಿಂದ ಒಂದು ಚಮಚ ತೆಗೆದುಕೊಳ್ಳುತ್ತಾನೆ. ಆಮೇಲೆ ಇನ್ನೊಬ್ಬ. ಯಾರೂ ದೊಡ್ಡ ಮಾತಾಡುವುದಿಲ್ಲ. ಅನ್ನ ಕರಗುತ್ತಾ ಹೋಗುತ್ತದೆ. ಬಂಡಾಯಗಾರನ ಸುತ್ತ ಇರುವವರು ಮಾಡಬಲ್ಲ ಬಂಡಾಯ ಅದು, ಒಂದು ಚಮಚದಷ್ಟು. ನಿಮ್ಮ ತಂಡದಲ್ಲಿ ಎಂಟು ಜನ ನಟರಿದ್ದಾರೆ, ಆರು ಜನಕ್ಕೆ ಮಾತೇ ಇಲ್ಲ ಅಂತ ಬರೆದಿದ್ದೀರಲ್ಲ, ಅವರಿಗೆ ಇಂಥದ್ದೊಂದು ಕೊಡಿ. ಅನ್ನ, ತಟ್ಟೆ, ಚಮಚ. ನಮ್ಮ ಪ್ರೇಕ್ಷಕರಿಗೆ ವಿವರಿಸಿ ಹೇಳಬೇಕಾಗಿಯೇ ಇಲ್ಲ.

ರಸ್ತೆಗೆ ಡಾಂಬರು ಹಾಕುವ ದೃಶ್ಯವನ್ನೂ ಬಿಡಬೇಡಿ. ಬಿಸಿ ಡಾಂಬರಿನ ಮೇಲೆ ಮಣ್ಣು ಎರಚುವ ಕೆಲಸ. ಎಲ್ಲರೂ ಕಾಲೆಳೆದುಕೊಂಡು ಮಾಡುತ್ತಿರುತ್ತಾರೆ. ಲ್ಯೂಕ್ ಇದ್ದಕ್ಕಿದ್ದಂತೆ ಜೋರಾಗಿ ಎರಚಲು ಶುರು ಮಾಡುತ್ತಾನೆ. ಒಬ್ಬೊಬ್ಬರಾಗಿ ಎಲ್ಲರಿಗೂ ಆ ಹುಚ್ಚು ಹತ್ತುತ್ತದೆ. ಕೊನೆಗೆ ರಸ್ತೆಯೇ ಮುಗಿದುಹೋಗುತ್ತದೆ! ಇನ್ನೂ ಎರಡು ಗಂಟೆ ಬೆಳಕಿದೆ, ಮಾಡಲು ಕೆಲಸವಿಲ್ಲ. ಕಾವಲುಗಾರರಿಗೆ ಏನು ಹೇಳಬೇಕೋ ತೋಚುವುದಿಲ್ಲ. ಹೇಳಿದ್ದನ್ನೇ ತಾನೆ ಮಾಡಿದ್ದು?

ನಮ್ಮ ಮನೆಯ ಮಹಡಿಯಲ್ಲಿ ತಿಂಗಳಿಗೊಂದು ಹಳೆ ಸಿನಿಮಾ ಹಾಕುತ್ತೇವೆ. ಇದನ್ನು ಹಾಕಿದ ದಿನ ರಸ್ತೆ ಕೆಲಸ ಮಾಡಿ ನಿವೃತ್ತರಾದ ಹಿರಿಯರೊಬ್ಬರು ಬಂದಿದ್ದರು. ಇಂಗ್ಲಿಷ್ ಬಾರದು. ಈ ದೃಶ್ಯ ಬಂದಾಗ ಕುರ್ಚಿಯಲ್ಲಿ ಮುಂದೆ ಸರಿದು ಕೂತರು. ಮುಗಿದ ಮೇಲೆ ಅಂದರು: ‘ಬಿಸಿಲಲ್ಲಿ ಡಾಂಬರ್ ಪಕ್ಕ ನಿಂತವನಿಗೆ ಗೊತ್ತು, ಅಲ್ಲಿ ಯಾರೂ ಓಡಲ್ಲ. ಓಡಿದ ಅಂದ್ರೆ ಆ ಹೊತ್ತಿಗೆ ಕೆಲಸ ಅವನದು, ಸಾಹೇಬರದ್ದಲ್ಲ.’ ನಾನು ಈ ಸಿನಿಮಾ ಬಗ್ಗೆ ಓದಿದ ಎಷ್ಟೋ ಬರಹಗಳಿಗಿಂತ ಈ ಮಾತು ನನಗೆ ಹೆಚ್ಚು ಕಲಿಸಿತು.

ಇಲ್ಲಿಂದಲೇ ನನ್ನ ಮುಖ್ಯ ಸಲಹೆ. ಬಂಡಾಯಕ್ಕೆ ಬೇಕಾದ ಸಾಮಾನು ಜೈಲೇ ಕೊಡಬೇಕು. ಹೊರಗಿನಿಂದ ತಂದ ಚಾಕು, ಹೊರಗಿನಿಂದ ತಂದ ಭಾಷಣ ಎರಡೂ ಬೇಡ. ಲ್ಯೂಕ್ ಪೊದೆಯ ಹಿಂದೆ ಮೂತ್ರಕ್ಕೆ ಹೋಗುತ್ತಾನೆ. ಅಲ್ಲೇ ಇದ್ದಾನೆ ಅಂತ ಗೊತ್ತಾಗಲು ಪೊದೆ ಅಲ್ಲಾಡಿಸುತ್ತಾ ಕೂಗುತ್ತಿರಬೇಕು. ಅವನು ಪೊದೆಗೆ ದಾರ ಕಟ್ಟಿ, ದೂರದಿಂದ ಎಳೆದು ಅಲ್ಲಾಡಿಸಿ, ಅಲ್ಲಿಂದಲೇ ಪರಾರಿ. ನಿಯಮವೇ ಬಾಗಿಲಾಯಿತು.

ಇದನ್ನು ಇನ್ನೂ ಹತ್ತಿರದಿಂದ ಕಲಿಯಲು ಎರಡು ಫ್ರೆಂಚ್ ಸಿನಿಮಾಗಳಿವೆ. ಒಂದು 1956ರ ‘ಎ ಮ್ಯಾನ್ ಎಸ್ಕೇಪ್ಡ್’. ನಿರ್ದೇಶಕ ರಾಬರ್ಟ್ ಬ್ರೆಸಾನ್ ತಾವೇ ಯುದ್ಧಕೈದಿಯಾಗಿದ್ದವರು. ನಾಜಿಗಳ ಕೈಯಲ್ಲಿದ್ದ ಲಿಯಾನ್ ನಗರದ ಮಾಂಲುಕ್ ಜೈಲಿನಿಂದ ತಪ್ಪಿಸಿಕೊಂಡ ಆಂದ್ರೆ ದೆವಿನ್ಯಿ ಅವರ ಅನುಭವ ಇದು. ನೂರು ನಿಮಿಷದ ಆಸುಪಾಸು. ತಪ್ಪಿಸಿಕೊಂಡ ಅಂತ ಹೆಸರಿನಲ್ಲೇ ಹೇಳಿಬಿಡುತ್ತಾರೆ, ಆದರೂ ಉಸಿರು ಬಿಗಿಹಿಡಿದು ನೋಡುತ್ತೇವೆ. ಯಾಕೆಂದರೆ ಇಡೀ ಸಿನಿಮಾ ಒಂದು ಚಮಚ ಮತ್ತು ಒಂದು ಬಾಗಿಲು. ಊಟಕ್ಕೆ ಕೊಟ್ಟ ಕಬ್ಬಿಣದ ಚಮಚವನ್ನು ನೆಲಕ್ಕೆ ಉಜ್ಜಿ ಉಳಿ ಮಾಡಿಕೊಳ್ಳುತ್ತಾನೆ. ಬಾಗಿಲ ಹಲಗೆಗಳ ಸಂದಿಯಲ್ಲಿ ಮೆತ್ತನೆ ಮರ ಇದೆ ಅಂತ ಕಂಡುಹಿಡಿದು ದಿನಾ ಸ್ವಲ್ಪ ಸ್ವಲ್ಪ ಕೆತ್ತುತ್ತಾನೆ. ಬಿದ್ದ ಪುಡಿಯನ್ನೂ ಬಿಡದೆ ಆರಿಸುತ್ತಾನೆ. ಮಂಚದ ತಂತಿಗೆ ಹರಿದ ಬಟ್ಟೆ ಸುತ್ತಿ ಹಗ್ಗ. ನಾಯಕನಾಗಿ ನಟಿಸಿದ್ದು ವೃತ್ತಿನಟನಲ್ಲ, ತತ್ವಶಾಸ್ತ್ರ ಓದುತ್ತಿದ್ದ ಯುವಕ. ಮುಖದಲ್ಲಿ ಭಾವನೆ ತೋರಿಸುವುದೇ ಇಲ್ಲ ಅನ್ನಬಹುದು. ಎಲ್ಲಾ ಕೈಯಲ್ಲಿದೆ.

ಇದನ್ನು ನೋಡುವಾಗ ಒಂದು ಅಭ್ಯಾಸ ಮಾಡಿ. ಮೊದಲ ಅರ್ಧ ಗಂಟೆ ನೋಡಿ, ಆಮೇಲೆ ಹತ್ತು ನಿಮಿಷ ಕಣ್ಣು ಮುಚ್ಚಿ ಬರೀ ಕೇಳಿ. ಬೂಟಿನ ಸದ್ದು, ಕೀಲಿ ಗೊಂಚಲು, ಗೋಡೆ ತಟ್ಟುವ ಸದ್ದು. ನಿಮಗೆ ರಂಗದ ಮೇಲೆ ಜೈಲು ಕಟ್ಟಲು ದುಡ್ಡಿಲ್ಲ ಅಂದಿರಿ. ಕಟ್ಟಬೇಕಾಗಿಲ್ಲ. ನೆಲದ ಮೇಲೆ ಸುಣ್ಣದಲ್ಲಿ ಒಂದು ಚೌಕ, ರಂಗದ ಹಿಂದೆ ಒಂದು ಕೀಲಿ ಗೊಂಚಲು ಇದ್ದರೆ ಆಯಿತು. ಚೌಕ ಎಷ್ಟು ದೊಡ್ಡದಿರಬೇಕು ಅಂತ ಗೊಂದಲ ಇದ್ದರೆ, ಬೆಂಗಳೂರಿಗೆ ಹೋದಾಗ ಫ್ರೀಡಂ ಪಾರ್ಕ್‌ಗೆ ಹೋಗಿ ಬನ್ನಿ. ಮುಂಚೆ ಅದೇ ಸೆಂಟ್ರಲ್ ಜೈಲು. ಕಾವಲು ಗೋಪುರ ಇನ್ನೂ ಇದೆ. ಅದರ ಬುಡದಲ್ಲಿ ಐದು ನಿಮಿಷ ನಿಂತರೆ, ಮೇಲಿನಿಂದ ಯಾರೋ ನೋಡುತ್ತಿದ್ದಾರೆ ಅನ್ನುವುದು ಹೇಗಿರುತ್ತದೆ ಅಂತ ಬೆನ್ನಿಗೇ ಗೊತ್ತಾಗುತ್ತದೆ.

ಇನ್ನೊಂದು ಜಾಕ್ ಬೆಕೆರ್ ಅವರ ‘ಲ ಟ್ರೂ’, 1960. ಹೆಸರಿನ ಅರ್ಥ ಬರೀ ‘ತೂತು’. ಪ್ಯಾರಿಸ್‌ನ ಲಾ ಸಾಂತೆ ಜೈಲಿನಲ್ಲಿ 1947ರಲ್ಲಿ ನಡೆದ ಪರಾರಿ ಪ್ರಯತ್ನದ ಕಥೆ. ಅದರಲ್ಲಿ ನಿಜವಾಗಿಯೂ ಇದ್ದ ಜಾನ್ ಕೆರೋದಿ ಎಂಬವರು ಸಿನಿಮಾದಲ್ಲೂ ನಟಿಸಿದ್ದಾರೆ. ಮುಖ್ಯ ಕುಶಲಿಗನ ಪಾತ್ರ ಅವರದೇ. ಬೆಕೆರ್ ಸಿನಿಮಾ ಬಿಡುಗಡೆಗೆ ಸ್ವಲ್ಪ ಮುಂಚೆ ತೀರಿಕೊಂಡರು. ಜನ ಹೇಗೆ ನೋಡಿದರು ಅಂತ ಅವರಿಗೆ ಗೊತ್ತಾಗಲೇ ಇಲ್ಲ ಅನ್ನುವುದು ನನಗೆ ಈಗಲೂ ಸಂಕಟ.

ಕೋಣೆಯಲ್ಲಿ ಐದು ಜನ. ರಟ್ಟಿನ ಪೆಟ್ಟಿಗೆ ಮಡಚುವ ಕೆಲಸ ಒಪ್ಪಿಕೊಳ್ಳುತ್ತಾರೆ, ಆ ರಟ್ಟಿನ ರಾಶಿಯಡಿಯೇ ನೆಲ ಅಗೆಯುತ್ತಾರೆ. ಮಂಚದಿಂದ ಕಿತ್ತ ಕಬ್ಬಿಣವೇ ಹಾರೆ. ಹಲ್ಲುಜ್ಜುವ ಬ್ರಷ್‌ಗೆ ಕನ್ನಡಿ ಚೂರು ಕಟ್ಟಿ ಬಾಗಿಲ ಕಿಂಡಿಯಿಂದ ಕಾರಿಡಾರ್ ನೋಡುತ್ತಾರೆ. ಕಾಂಕ್ರೀಟ್ ಒಡೆಯುವ ದೃಶ್ಯ ಸುಮಾರು ನಾಲ್ಕು ನಿಮಿಷ, ಒಂದೇ ಶಾಟ್. ಕ್ಯಾಮರಾ ನೆಲದ ಮೇಲೆಯೇ ನಿಂತಿದೆ. ಒಬ್ಬ ಸುಸ್ತಾದರೆ ಇನ್ನೊಬ್ಬನ ಕೈ ಬರುತ್ತದೆ. ಢಣ್ ಢಣ್ ಸದ್ದು ಇಡೀ ಜೈಲಿಗೆ ಕೇಳುವಷ್ಟು. ಹಿನ್ನೆಲೆ ಸಂಗೀತ ಇಲ್ಲ. ಮೊದಲು ‘ಯಾಕಿಷ್ಟು ಉದ್ದ’ ಅನಿಸುತ್ತದೆ, ಆಮೇಲೆ ನಮ್ಮ ಕೈಯೇ ನೋಯುತ್ತದೆ. ನಿಮ್ಮ ನಾಟಕದಲ್ಲೂ ಹೀಗೆ ಒಂದು ಕೆಲಸ ಪೂರ್ತಿ ನಡೆಯಲಿ, ಮಾತಿಲ್ಲದೆ, ಮೂರು ನಿಮಿಷ. ಪ್ರೇಕ್ಷಕರು ಎದ್ದು ಹೋಗುವುದಿಲ್ಲ, ಧೈರ್ಯ ಮಾಡಿ. ಈ ಸಿನಿಮಾದ ಕೊನೆ ಮಾತ್ರ ಹೇಳುವುದಿಲ್ಲ, ನೀವೇ ನೋಡಿ.

ಈಗ ನಿಮ್ಮ ಎರಡನೇ ಪ್ರಶ್ನೆ: ನಾಯಕ ಕೊನೆಗೆ ಗೆಲ್ಲಬೇಕಾ, ಸೋಲಬೇಕಾ? ಅದಕ್ಕಿಂತ ಮುಂಚೆ ಅವನು ಒಮ್ಮೆ ಮುರಿಯಲಿ. ಲ್ಯೂಕ್‌ಗೆ ತಾಯಿ ಸತ್ತ ಸುದ್ದಿ ಬರುತ್ತದೆ. ಬ್ಯಾಂಜೊ ಹಿಡಿದು ಒಬ್ಬನೇ ಹಾಡುತ್ತಾನೆ. ಅಂತ್ಯಕ್ರಿಯೆಗೆ ಓಡಿಹೋಗಬಹುದು ಅಂತ ಅವನನ್ನು ಪೆಟ್ಟಿಗೆಗೆ ಹಾಕುತ್ತಾರೆ. ಕಾವಲುಗಾರ ‘ಇದು ನನ್ನ ಕೆಲಸ’ ಅಂದಾಗ, ಕೆಲಸ ಅಂತ ಕರೆದ ಮಾತ್ರಕ್ಕೆ ಅದು ಸರಿ ಆಗಿಬಿಡಲ್ಲ ಅನ್ನುತ್ತಾನೆ ಲ್ಯೂಕ್. ನಿಮ್ಮ ಎರಡು ಪುಟದ ಭಾಷಣ ಈ ಒಂದು ಸಾಲಿನಲ್ಲಿ ಇದೆ. ಮುಂದೆ, ಗುಂಡಿ ತೋಡು, ಮುಚ್ಚು, ಮತ್ತೆ ತೋಡು ಅಂತ ಅವನನ್ನು ಹಣ್ಣು ಮಾಡುತ್ತಾರೆ. ಕೊನೆಗೆ ಕಾವಲುಗಾರನ ಕಾಲು ಹಿಡಿದು ಬೇಡುತ್ತಾನೆ. ಕಿಟಕಿಯಿಂದ ನೋಡುತ್ತಿದ್ದವರು ಮುಖ ತಿರುಗಿಸುತ್ತಾರೆ. ಅವನ ಫೋಟೋವನ್ನು ನಿಧಿಯ ಹಾಗೆ ಇಟ್ಟುಕೊಂಡಿದ್ದವರೇ ಅದನ್ನು ಹರಿಯುತ್ತಾರೆ. ಎದ್ದು ನಿಲ್ಲಲಾರದೆ ಒಳಗೆ ಬಂದವನು ‘ಈಗ ಎಲ್ಲಿದ್ದೀರಿ ನೀವೆಲ್ಲ?’ ಅಂತ ಕೇಳುತ್ತಾನೆ. ಆ ಪ್ರಶ್ನೆ ನೋಡುತ್ತಾ ಕೂತ ನಮಗೂ ಬಡಿಯುತ್ತದೆ. ಜಾರ್ಜ್ ಕೆನಡಿ ಈ ಗೆಳೆಯರಲ್ಲಿ ಮುಖ್ಯನಾದ ಡ್ರ್ಯಾಗ್‌ಲೈನ್ ಪಾತ್ರ ಮಾಡಿ ಆಸ್ಕರ್ ಪಡೆದರು. ಎರಡನೇ ಸಲ ನೋಡುವಾಗ ಲ್ಯೂಕ್‌ನನ್ನು ಬಿಟ್ಟು ಅವರೊಬ್ಬರನ್ನೇ ನೋಡಿ. ಮೊದಲು ಲ್ಯೂಕ್‌ಗೆ ಹೊಡೆಯುವವನೂ ಅವನೇ, ಕೊನೆಗೆ ಅವನ ಕಥೆ ಹೇಳುತ್ತಾ ಕೂರುವವನೂ ಅವನೇ. ನಿಮ್ಮ ನಾಟಕಕ್ಕೆ ಅಂಥ ಒಬ್ಬ ಬೇಕೇ ಬೇಕು.

ಹೀಗೆ ಮಾಡಿ. ಈ ಶನಿವಾರ 1932ರದ್ದು, ಭಾನುವಾರ ಲ್ಯೂಕ್. ಮುಂದಿನ ವಾರ ಎರಡು ಫ್ರೆಂಚ್ ಸಿನಿಮಾ, ತಂಡದವರ ಜೊತೆ ಕೂತು. ಕೊನೆಗೆ ಲ್ಯೂಕ್ ಇನ್ನೊಮ್ಮೆ. ಅಷ್ಟರವರೆಗೆ ಪೆನ್ನು ಮುಟ್ಟಬೇಡಿ.

ಆಮೇಲೆ ಮೂರನೇ ದೃಶ್ಯಕ್ಕೆ ವಾಪಸ್ ಬನ್ನಿ. ಕೆನ್ನೆಗೆ ಹೊಡೆಯುವುದನ್ನು ತೆಗೆಯಿರಿ. ನಿಮ್ಮ ಮೊದಲ ದೃಶ್ಯದಲ್ಲಿ ಅಲ್ಯೂಮಿನಿಯಂ ತಟ್ಟೆಗಳನ್ನು ಸಾಲಾಗಿ ಇಡಿಸುವ ಒಂದು ಒಳ್ಳೆಯ ವಿವರ ಇದೆ, ನೀವೇ ಅದನ್ನು ಮರೆತ ಹಾಗಿದೆ. ವಾರ್ಡರ್ ‘ತಟ್ಟೆ ಇಡು’ ಅಂತಾನೆ. ಆರು ಜನ ಇಡುತ್ತಾರೆ. ನಿಮ್ಮವನು ತಟ್ಟೆಯನ್ನು ಅಂಗಿಯ ಅಂಚಿನಿಂದ ಒರೆಸಲು ಶುರು ಮಾಡಲಿ, ನಿಧಾನವಾಗಿ, ಮುಖ ಕಾಣುವಷ್ಟು ಹೊಳೆಯುವ ತನಕ. ವಾರ್ಡರ್ ಕಾಯಬೇಕು. ಎಷ್ಟು ಹೊತ್ತು ಅಂತ ತಾಲೀಮಿನಲ್ಲಿ ನೋಡಿ, ಬರೆದು ಹಾಕಿ. ನಾನು ಓದಲು ಕಾದಿರುತ್ತೇನೆ.